ಯಾವ ಏಳನೆಯ ಸಂಪುಟ? ರೋಮನ್ ಅಂಕಿಗಳೂ ನಮ್ಮ ಶಾಸನೋಲ್ಲೇಖಗಳೂ

ಪುಂಜಾಲಕಟ್ಟೆಯ ಕಡೆಯಿಂದ ಬರುವ ನನ್ನ ವಿದ್ಯಾರ್ಥಿನಿಯೊಬ್ಬಳು ವೇಣೂರಿನ ಅಜಿಲ ಅರಸರನ್ನು ಕುರಿತು ಕಿರುಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದಳು. ಹಳೆಯ ಗ್ರಂಥವೊಂದರ ಅಡಿಟಿಪ್ಪಣಿಯಿಂದ ಆಕೆ ಒಂದು ಸಾಲನ್ನು ಬರೆದುಕೊಂಡಿದ್ದಳು. ಮೂಲದಲ್ಲಿ ಇದ್ದದ್ದು ಗ್ರಂಥಮಾಲೆಯ ಸಂಕ್ಷಿಪ್ತನಾಮ, ಒಂದು ರೋಮನ್ ಅಂಕಿ ಮತ್ತು ಒಂದು ಪುಟಸಂಖ್ಯೆ. ಟಿಪ್ಪಣಿಪುಸ್ತಕಕ್ಕೆ ಇಳಿಸುವಾಗ ಸಂಕ್ಷಿಪ್ತನಾಮ ಬಿಟ್ಟುಹೋಗಿ 'ಸಂಪುಟ 7' ಎಂಬುದು ಮಾತ್ರ ಉಳಿಯಿತು. ಶಾಸನವೆಂದರೆ ಎಪಿಗ್ರಾಫಿಯಾ ಕರ್ನಾಟಿಕ ಎಂದು ಭಾವಿಸಿ ಆಕೆ ಗ್ರಂಥಾಲಯದಲ್ಲಿ ಅದರ ಏಳನೆಯ ಸಂಪುಟವನ್ನು ತೆರೆದಳು. ಅದರ ತುಂಬ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಗಳ ಶಾಸನಗಳು. "ಸರ್, ವೇಣೂರಿನ ಶಾಸನ ಇದರಲ್ಲಿ ಎಲ್ಲಿಯೂ ಇಲ್ಲವಲ್ಲ, ಅಂಕಿಯನ್ನೇ ನಾನು ತಪ್ಪಾಗಿ ಓದಿದೆನೋ ಏನೋ" ಎಂದು ಸಂಕೋಚದಿಂದ ಕೇಳಿದಳು.

ಆಕೆ ಅಂಕಿಯನ್ನು ಸರಿಯಾಗಿಯೇ ಓದಿದ್ದಳು. ಐದನ್ನು ಸೂಚಿಸುವ 'ವಿ' ಅಕ್ಷರದ ಬಲಕ್ಕೆ ಒಂದನ್ನು ಸೂಚಿಸುವ 'ಐ' ಎರಡು ಸಲ ಬಂದರೆ ಏಳೇ ಆಗುತ್ತದೆ. ಆದರೂ ಆಕೆಗೆ ಬೇಕಾದ ಶಾಸನ ಸಿಗಲಿಲ್ಲ. ಈ ಪುಟ್ಟ ಪ್ರಸಂಗವು ನಮ್ಮ ಸಂಶೋಧನ ಬರಹದ ಒಂದು ಹಳೆಯ ಅಶಿಸ್ತನ್ನು ತೋರಿಸುತ್ತದೆ ಎಂದು ನನಗೆ ಅನ್ನಿಸಿತು. ರೋಮನ್ ಅಂಕಿಯನ್ನು ಸಾಮಾನ್ಯ ಅಂಕಿಗೆ, ಸಾಮಾನ್ಯ ಅಂಕಿಯನ್ನು ರೋಮನ್ ಅಂಕಿಗೆ ಬದಲಿಸುವುದನ್ನು ನಾವು ಪ್ರಾಥಮಿಕ ಶಾಲೆಯ ಲೆಕ್ಕವೆಂದು ಬದಿಗಿಟ್ಟಿದ್ದೇವೆ. ಕನ್ನಡದಲ್ಲಿ ಬರೆಯುವ ಸಂಶೋಧಕನು ಈ ಬದಲಾವಣೆಯನ್ನು ಮಾಡಲೇಬೇಕು, ಆದರೆ ಆ ಅಂಕಿ ಯಾವ ಮಾಲೆಯನ್ನು, ಯಾವ ಆವೃತ್ತಿಯನ್ನು ಎಣಿಸುತ್ತಿದೆ ಎಂಬುದನ್ನು ಜೊತೆಗೇ ದಾಖಲಿಸದೆ ಮಾಡಬಾರದು ಎಂಬುದು ನನ್ನ ನಿಲುವು.

ಮೊದಲು ಕ್ರಮವನ್ನು ಸ್ಪಷ್ಟಪಡಿಸಿಕೊಳ್ಳೋಣ. ತರಗತಿಯಲ್ಲಿ ಉಚ್ಚರಿಸುವಂತೆಯೇ ಅಕ್ಷರಗಳ ಹೆಸರನ್ನು ಇಲ್ಲಿ ಬರೆಯುತ್ತೇನೆ. ರೋಮನ್ನರ ಎಣಿಕೆಗೆ ಏಳು ಅಕ್ಷರಗಳು ಸಾಕು: ಐ ಎಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ದೊಡ್ಡ ಬೆಲೆಯ ಅಕ್ಷರದ ಬಲಕ್ಕೆ ಚಿಕ್ಕದು ಬಂದರೆ ಕೂಡಬೇಕು, ಎಡಕ್ಕೆ ಬಂದರೆ ಕಳೆಯಬೇಕು. ಕಳೆಯುವುದಕ್ಕೂ ಮಿತಿಯುಂಟು. ಐ ಅಕ್ಷರವು ವಿ ಮತ್ತು ಎಕ್ಸ್‌ಗಳ ಮುಂದೆ ಮಾತ್ರ, ಎಕ್ಸ್ ಅಕ್ಷರವು ಎಲ್ ಮತ್ತು ಸಿಗಳ ಮುಂದೆ ಮಾತ್ರ, ಸಿ ಅಕ್ಷರವು ಡಿ ಮತ್ತು ಎಂಗಳ ಮುಂದೆ ಮಾತ್ರ ನಿಲ್ಲಬಲ್ಲವು. ಆದ್ದರಿಂದ 99ನ್ನು ಐ-ಸಿ ಎಂದು ಬರೆಯುವಂತಿಲ್ಲ, ಎಕ್ಸ್-ಸಿ-ಐ-ಎಕ್ಸ್ ಎಂದೇ ಬರೆಯಬೇಕು.

ಸಾಮಾನ್ಯ ಸಂಖ್ಯೆಯನ್ನು ರೋಮನ್ ರೂಪಕ್ಕೆ ತರುವಾಗ ಸ್ಥಾನಗಳನ್ನು ಬಿಡಿಸಿಕೊಂಡು ಎಡದಿಂದ ಬಲಕ್ಕೆ ಒಂದೊಂದನ್ನೇ ಬರೆಯುವುದು ಸುಲಭದ ದಾರಿ. ಕಾರ್ಕಳದ ಬಾಹುಬಲಿ ಪ್ರತಿಷ್ಠೆಯ ವರ್ಷವಾದ 1432ನ್ನು ತೆಗೆದುಕೊಂಡರೆ ಸಾವಿರಕ್ಕೆ ಎಂ, ನಾನೂರಕ್ಕೆ ಸಿ-ಡಿ, ಮೂವತ್ತಕ್ಕೆ ಮೂರು ಎಕ್ಸ್, ಎರಡಕ್ಕೆ ಎರಡು ಐ, ಒಟ್ಟು ಎಂಟು ಅಕ್ಷರಗಳು. ವೇಣೂರಿನ ವರ್ಷವಾದ 1604ಕ್ಕೆ ಎಂ-ಡಿ-ಸಿ-ಐ-ವಿ ಎಂಬ ಐದೇ ಅಕ್ಷರಗಳು ಸಾಕು. ಆ ಸಂಖ್ಯೆಯ ಹತ್ತರ ಸ್ಥಾನದಲ್ಲಿ ಇರುವ ಸೊನ್ನೆಗೆ ರೋಮನ್ ಬರಹದಲ್ಲಿ ಗುರುತೇ ಇಲ್ಲ. ಸ್ಥಾನಬೆಲೆಯೂ ಸೊನ್ನೆಯೂ ಇಲ್ಲದ ಆ ಕ್ರಮದಲ್ಲಿ ಸಂಖ್ಯೆಯ ಉದ್ದಕ್ಕೂ ಅದರ ಬೆಲೆಗೂ ಸಂಬಂಧವಿರುವುದಿಲ್ಲ. ಕಣ್ಣು ತಪ್ಪುವುದು ಇಲ್ಲಿಯೇ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನನ್ನ ಪಿಎಚ್.ಡಿ. ಮಹಾಪ್ರಬಂಧದ ಒಂದು ಅಧ್ಯಾಯದಲ್ಲಿ ಚಿತ್ರದುರ್ಗ ಪ್ರದೇಶದ ಶಾಸನವೊಂದನ್ನು ಉಲ್ಲೇಖಿಸಿದ್ದೆ. ಚಿತ್ರದುರ್ಗದ ಶಾಸನಗಳಿರುವುದು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ, ಅಂದರೆ ಎಕ್ಸ್-ಐ. ಬೆರಳಚ್ಚಿನಲ್ಲಿ ಅದು ಐ-ಎಕ್ಸ್ ಆಯಿತು, ಹನ್ನೊಂದು ಹೋಗಿ ಒಂಬತ್ತು ಬಂತು. ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪುಟವನ್ನು ತೆರೆದು ತೋರಿಸಿ, "ಚಿತ್ರದುರ್ಗದ ಕಲ್ಲನ್ನು ಬೆಂಗಳೂರಿಗೆ ಸಾಗಿಸಿದವರು ಯಾರು?" ಎಂದು ಕೇಳಿದರು. ಸಭೆಯಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅಂದು ನನ್ನ ವಾದವು ತಪ್ಪೆಂದು ಯಾರೂ ಹೇಳಲಿಲ್ಲ, ಆದರೆ ನನ್ನ ಆಧಾರವನ್ನು ಬೇರೆಯವರು ಹುಡುಕಿ ಪರಿಶೀಲಿಸುವ ದಾರಿಯನ್ನು ನಾನೇ ಮುಚ್ಚಿದ್ದೆ. ಎರಡು ಅಕ್ಷರಗಳು ಸ್ಥಾನ ಬದಲಿಸಿದ್ದು ಇಷ್ಟಕ್ಕೆಲ್ಲ ಕಾರಣ. ಸಾಮಾನ್ಯ ಅಂಕಿಯಲ್ಲಿ ಬರೆದಿದ್ದರೆ 11 ಹಿಂದುಮುಂದಾದರೂ 11ಾಗಿಯೇ ಉಳಿಯುತ್ತಿತ್ತು.

ದೊಡ್ಡ ಸಂಖ್ಯೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯು 1872ರಿಂದ 1933ರವರೆಗೆ 62 ಸಂಪುಟಗಳನ್ನು ಕಂಡಿತು. ಅದರ 42ನೆಯ ಸಂಪುಟ ಎಕ್ಸ್-ಎಲ್-ಐ-ಐ, 62ನೆಯ ಸಂಪುಟ ಎಲ್-ಎಕ್ಸ್-ಐ-ಐ. ಅಕ್ಷರಗಳು ಅವೇ ನಾಲ್ಕು. ಮೊದಲ ಎರಡು ಅದಲುಬದಲಾದರೆ ಓದುಗನು 1913ರ ಬದಲು 1933ರ ಸಂಪುಟವನ್ನು ಬಿಡಿಸಿ ಕುಳಿತಿರುತ್ತಾನೆ.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಶಾಸನಾಧ್ಯಯನದಲ್ಲಿ 'ಸಂಪುಟ 7' ಎಂದರೆ ಯಾವುದು? ನನ್ನ ಮೇಜಿನ ಮೇಲೆಯೇ ನಾಲ್ಕು ಏಳುಗಳಿವೆ. ಒಂದು, 1902ರಲ್ಲಿ ಬಿ.ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳು, ಶಿವಮೊಗ್ಗ ಜಿಲ್ಲೆಯ ಮೊದಲ ಭಾಗ. ಎರಡು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತರುತ್ತ ಬಂದ ಪರಿಷ್ಕೃತ ಎಪಿಗ್ರಾಫಿಯಾ ಕರ್ನಾಟಿಕದ ಏಳು, ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಸನಗಳದು. ಮೂರು, 1902–03ರ ಎಪಿಗ್ರಾಫಿಯಾ ಇಂಡಿಕದ ಏಳು. ನಾಲ್ಕು, 1932ರಲ್ಲಿ ಬಂದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಏಳು, ಮೂಡುಬಿದಿರೆ, ಬಾರಕೂರು ಮೊದಲಾದ ಕಡೆಗಳ ಶಾಸನಪಾಠಗಳನ್ನು ಒಳಗೊಂಡದ್ದು. ನಾಲ್ಕರ ಬೆನ್ನಿನ ಮೇಲೂ ಅಚ್ಚಾಗುವುದು ಅದೇ ವಿ-ಐ-ಐ. ಕಾರ್ಕಳ ಮತ್ತು ವೇಣೂರಿನ ಗೊಮ್ಮಟಮೂರ್ತಿಗಳ ಶಾಸನಗಳನ್ನು ಇ. ಹುಲ್ಟ್ಸ್ ಅವರು ಸಂಪಾದಿಸಿದ್ದು ಮೂರನೆಯದರಲ್ಲಿ. ನನ್ನ ವಿದ್ಯಾರ್ಥಿನಿ ಹುಡುಕಬೇಕಾದದ್ದು ಅಲ್ಲಿ.

ಮೈಸೂರಿನ ಮಾಲೆಯಲ್ಲಿ ನಮ್ಮ ಜಿಲ್ಲೆ ಏಕಿಲ್ಲ ಎಂಬುದಕ್ಕೂ ಕಾರಣವುಂಟು. ರೈಸ್ ಅವರ ಕಾರ್ಯಕ್ಷೇತ್ರ ಮೈಸೂರು ಸಂಸ್ಥಾನ ಮತ್ತು ಕೊಡಗು. ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಹಾಗಾಗಿ ನಮ್ಮ ಬಸದಿಗಳ ಅಂಗಳದ ಕಲ್ಲುಗಳು ತಮಿಳು, ತೆಲುಗು, ಮಲಯಾಳ ಪ್ರದೇಶಗಳ ಕಲ್ಲುಗಳ ಜೊತೆಯಲ್ಲಿ ಮದರಾಸಿನ ಸಂಪುಟಗಳನ್ನು ಸೇರಿದವು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವಿದ್ಯಾರ್ಥಿಗೆ ಇದನ್ನು ಯಾರಾದರೂ ಮೊದಲ ದಿನವೇ ಹೇಳಬೇಕು. ಹೇಳದಿದ್ದರೆ ತನ್ನ ಊರಿಗೆ ಶಾಸನವೇ ಇಲ್ಲವೆಂಬ ತೀರ್ಮಾನಕ್ಕೆ ಆತ ಬಂದರೂ ಆಶ್ಚರ್ಯವಿಲ್ಲ. ಅಂಕಿಯ ಹಿಂದೆ ಹೀಗೆ ಒಂದು ಆಡಳಿತದ ಚರಿತ್ರೆ ಇರುತ್ತದೆ. ಮಾಲೆಯ ಹೆಸರು ಕಳೆದರೆ ಆ ಚರಿತ್ರೆಯೂ ಕಳೆಯುತ್ತದೆ.

ಆವೃತ್ತಿಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಜೈನಸಾಹಿತ್ಯದ ಅಭ್ಯಾಸಿಗಳೆಲ್ಲರೂ ಮತ್ತೆ ಮತ್ತೆ ತೆರೆಯುವುದು ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ, ಶ್ರವಣಬೆಳಗೊಳದ್ದು. ಮೂರೂ ಆವೃತ್ತಿಗಳಲ್ಲಿ ಅದರ ಸಂಪುಟಸಂಖ್ಯೆ ಎರಡೇ. ಆದರೆ 1889ರಲ್ಲಿ ರೈಸ್ ಪ್ರಕಟಿಸಿದ ಶಾಸನಗಳು 144, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ಪ್ರಕಟಿಸಿದವು 500, 1973ರ ಆವೃತ್ತಿಯಲ್ಲಿ ಅವು 573 ಆದವು. ಹೊಸ ಶಾಸನಗಳು ಸೇರಿದಂತೆ ಹಳೆಯವುಗಳ ಕ್ರಮಸಂಖ್ಯೆಗಳೂ ಬದಲಾದವು. ಮಲ್ಲಿಷೇಣ ಪ್ರಶಸ್ತಿಯು ರೈಸ್ ಅವರಲ್ಲಿ 54ನೆಯದು, ನರಸಿಂಹಾಚಾರ್ಯರಲ್ಲಿ 67ನೆಯದು. ಗಂಗ ಮಾರಸಿಂಹನ ಸ್ಮಾರಕವಾದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಮೊದಲನೆಯದರಲ್ಲಿ 38, ಎರಡನೆಯದರಲ್ಲಿ 59. ಹೀಗಿರುವಾಗ 'ಎ.ಕ. 2, ಶ್ರವಣಬೆಳಗೊಳ 67' ಎಂದಷ್ಟೇ ಬರೆದವನು ತಾನು ಯಾವ ಪುಸ್ತಕವನ್ನು ನೋಡಿದ್ದೇನೆಂದು ಹೇಳಿಯೇ ಇಲ್ಲ. ಇತರ ಜಿಲ್ಲೆಗಳಲ್ಲಿ ಸಂಪುಟಸಂಖ್ಯೆಯೇ ಬದಲಾಗಿದೆ. ಬೇಲೂರಿನ ಶಾಸನಗಳು ಹಳೆಯ ಮಾಲೆಯ ಐದರಲ್ಲಿದ್ದವು, ಪರಿಷ್ಕೃತ ಮಾಲೆಯಲ್ಲಿ ಒಂಬತ್ತಕ್ಕೆ ಬಂದಿವೆ. ಹಳೆಯ ಒಂಬತ್ತು ಬೆಂಗಳೂರಿನದೆಂದು ಮೇಲೆ ಹೇಳಿದೆ.

ಇಷ್ಟೆಲ್ಲವನ್ನು ಕೇಳಿ, ಹಾಗಾದರೆ ಬದಲಿಸುವ ಗೊಡವೆಯೇ ಬೇಡ, ಮೂಲದಲ್ಲಿದ್ದಂತೆ ರೋಮನ್ ಅಂಕಿಯನ್ನೇ ಉಳಿಸೋಣ ಎನ್ನುವ ಮಿತ್ರರಿದ್ದಾರೆ. ಮೂಲನಿಷ್ಠೆ ಎಂಬುದು ಅವರ ವಾದ. ಗೌರವಿಸಬೇಕಾದ ವಾದವೇ ಸರಿ, ಆದರೆ ನಾನು ಒಪ್ಪಲಾರೆ. ಸಂಪುಟದ ಬೆನ್ನಿನ ಮೇಲಿನ ಅಂಕಿಯು ಪ್ರಕಾಶಕರ ಅಚ್ಚಿನ ರೂಢಿಯೇ ಹೊರತು ಶಾಸನದ ಪಾಠವಲ್ಲ. ರೋಮನ್ ಲಿಪಿಗೆ ಪರಿವರ್ತಿಸಿ ಅಚ್ಚುಮಾಡಿದ ಪಾಠವನ್ನು ನಾವು ಕನ್ನಡ ಲಿಪಿಯಲ್ಲಿಯೇ ಉಲ್ಲೇಖಿಸುತ್ತೇವೆ, ಅದನ್ನು ಯಾರೂ ನಿಷ್ಠಾಭಂಗವೆನ್ನುವುದಿಲ್ಲ. ಸಂಪುಟದ ಅಂಕಿಗೆ ಮಾತ್ರ ಬೇರೆ ನ್ಯಾಯವೇಕೆ? ಹಂಪಿಯ ಕನ್ನಡ ವಿಶ್ವವಿದ್ಯಾಲಯವು ತನ್ನ ಶಾಸನಸಂಪುಟಗಳನ್ನು ಕನ್ನಡದ ಹೆಸರಿನಲ್ಲಿಯೇ ಹೊರತಂದಿದೆ. ಅದರಿಂದ ವಿದ್ವತ್ತಿಗೆ ಕೊರತೆಯೇನೂ ಆಗಿಲ್ಲ.

ಗಣಕಯಂತ್ರದ ತೊಂದರೆಯೊಂದೂ ಇದೆ. ಯುನಿಕೋಡ್ ಬರುವ ಮೊದಲು ನಮ್ಮ ಬಹುಪಾಲು ಪ್ರಬಂಧಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಆ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವಾಗ ರೋಮನ್ ಅಂಕಿಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಮಾರ್ಪಡುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಸಾಮಾನ್ಯ ಅಂಕಿಗಳು ಈ ಪ್ರಯಾಣವನ್ನು ಹೆಚ್ಚಾಗಿ ಸುರಕ್ಷಿತವಾಗಿ ಮುಗಿಸುತ್ತವೆ. ಮುಂದಿನ ತಲೆಮಾರು ನಮ್ಮ ಪ್ರಬಂಧಗಳನ್ನು ಪರದೆಯ ಮೇಲೆ ಹುಡುಕಿ ಓದಬೇಕಾದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದು ಕಡೆಯಲ್ಲಿ ಮಾತ್ರ ಎಚ್ಚರ ಬೇಕು. ಗ್ರಂಥದ ಪೀಠಿಕಾಭಾಗದ ಪುಟಗಳಿಗೆ ಚಿಕ್ಕ ರೋಮನ್ ಅಂಕಿ, ಗ್ರಂಥಭಾಗಕ್ಕೆ ಸಾಮಾನ್ಯ ಅಂಕಿ ಹಾಕುವ ರೂಢಿಯಿದೆ. ಪೀಠಿಕೆಯ ಹನ್ನೆರಡನೆಯ ಪುಟವನ್ನು ಬರಿದೆ 'ಪು. 12' ಎಂದು ಬದಲಿಸಿದರೆ ಅದು ಗ್ರಂಥದ ಹನ್ನೆರಡನೆಯ ಪುಟದೊಡನೆ ಕಲಸಿಹೋಗುತ್ತದೆ. ಅಲ್ಲಿ 'ಪೀಠಿಕೆ, ಪು. 12' ಎಂದು ಬರೆದರೆ ತೊಡಕು ನಿವಾರಣೆಯಾಗುತ್ತದೆ.

ಸಂಖ್ಯೆಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ತರುವ ಕೆಲಸ ನಮ್ಮ ಪರಂಪರೆಗೆ ಹೊಸದಲ್ಲ. ವೇಣೂರಿನ ಬಾಹುಬಲಿಯ ಬದಿಯ ಸಂಸ್ಕೃತ ಶಾಸನವು ಶಕವರ್ಷವನ್ನು ವಿಷಯ, ಅಕ್ಷಿ, ಶರ, ಇಂದು ಎಂಬ ಶಬ್ದಗಳಿಂದ ಹೇಳುತ್ತದೆ. ಇಂದ್ರಿಯವಿಷಯಗಳು ಐದು, ಕಣ್ಣು ಎರಡು, ಮನ್ಮಥನ ಬಾಣ ಐದು, ಚಂದ್ರ ಒಂದು. ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಬೇಕೆಂಬುದು ಭೂತಸಂಖ್ಯೆಯ ನಿಯಮ, ಆದ್ದರಿಂದ 1525. ನಿಯಮ ತಿಳಿಯದೆ ಬಂದ ಕ್ರಮದಲ್ಲಿಯೇ ಬರೆದರೆ 5251 ಎಂಬ ಅಸಂಬದ್ಧ ವರ್ಷ ಸಿಗುತ್ತದೆ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಶಕವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಯು 1603 ಎನ್ನುತ್ತಾನೆ. ಶಾಸನ ಹೇಳುವ ಮಾಸ ಫಾಲ್ಗುಣ. ಚೈತ್ರದಲ್ಲಿ ತೊಡಗಿದ ಶಕವರ್ಷ ಫಾಲ್ಗುಣಕ್ಕೆ ಬರುವಷ್ಟರಲ್ಲಿ ಕ್ರಿಸ್ತವರ್ಷ ಬದಲಾಗಿರುತ್ತದೆ, ಹಾಗಾಗಿ 79 ಕೂಡಿ 1604 ಎನ್ನಬೇಕು. ಕಾರ್ಕಳದಲ್ಲಿಯೂ ಹೀಗೆಯೇ. ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ ಎಂದರೆ 1432ರ ಫೆಬ್ರವರಿ 13. ಯಂತ್ರದಂತೆ 78 ಕೂಡಿದವನು ಒಂದು ವರ್ಷ ಹಿಂದೆ ಉಳಿದಿರುತ್ತಾನೆ.

ರಾಷ್ಟ್ರಕೂಟ ನೃಪತುಂಗನ ಕಾಲದ ಜೈನಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ 'ಏಕ'ದಿಂದ 'ಮಹಾಕ್ಷೋಭ'ದವರೆಗೆ 24 ಸ್ಥಾನಗಳ ಹೆಸರನ್ನು ಪಟ್ಟಿಮಾಡಿದ್ದಾರೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಸ್ಥಾನಬೆಲೆಯನ್ನು ಇಷ್ಟು ಎತ್ತರಕ್ಕೆ ಒಯ್ದ ನೆಲದಲ್ಲಿ ನಿಂತು, ಸೊನ್ನೆಯಿಲ್ಲದ ಅಂಕಿಯನ್ನು ವಿದ್ವತ್ತಿನ ಲಾಂಛನವೆಂಬಂತೆ ಅಡಿಟಿಪ್ಪಣಿಗಳಲ್ಲಿ ಹೊತ್ತು ತಿರುಗುವುದು ನನಗೆ ಸರಿಕಾಣುವುದಿಲ್ಲ. ಇದು ಅಭಿಮಾನದ ಮಾತಾಗಿ ಮಾತ್ರ ಉಳಿಯದಿರಲಿ ಎಂದೇ ಮೇಲಿನ ಉದಾಹರಣೆಗಳನ್ನು ಕೊಟ್ಟೆ.

ಅರಸರ ಹೆಸರಿನ ಮುಂದಿನ ಅಂಕಿಯನ್ನು ಬದಲಿಸುವುದು ಇನ್ನೂ ಜವಾಬ್ದಾರಿಯ ಕೆಲಸ. ಇಂಗ್ಲಿಷ್ ಇತಿಹಾಸಗ್ರಂಥಗಳು ಹೆಸರಿನ ನಂತರ ರೋಮನ್ ಅಂಕಿ ಇಡುತ್ತವೆ. ಕನ್ನಡವು ಅದಕ್ಕೆ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ಸೊಗಸಾದ ರೂಪಗಳನ್ನು ಕೊಟ್ಟಿದೆ. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣ, ನಾಲ್ವಡಿ ಕೃಷ್ಣರಾಜ ಒಡೆಯರು ಎಂದಾಗ ಭಾಷೆಗೆ ಎಲ್ಲಿಯೂ ಎಡವಿದಂತೆ ಆಗುವುದಿಲ್ಲ. ಆದರೂ ನಮ್ಮ ತರಗತಿಗಳಲ್ಲಿ 'ಕೃಷ್ಣರಾಜ ಒಡೆಯರ್ ಐವಿ' ಎಂದು ಗಟ್ಟಿಯಾಗಿ ಓದುವ ವಿದ್ಯಾರ್ಥಿಗಳಿದ್ದಾರೆ. ಅವರನ್ನು ನಾನು ಗದರಿಸುವುದಿಲ್ಲ. ಇಂಗ್ಲಿಷಿನಿಂದ ಇಳಿಸಿದ ಟಿಪ್ಪಣಿಯಲ್ಲಿ ನಾವು ಹಾಗೆ ಅಚ್ಚುಹಾಕಿ ಕೊಟ್ಟಿದ್ದೇವೆ, ಅವರು ಹಾಗೆ ಓದುತ್ತಾರೆ.

ಆದರೆ ಈ ಅಂಕಿಗಳನ್ನು ಬಹುಮಟ್ಟಿಗೆ ಕೂಡಿಸಿದವರು ಇತಿಹಾಸಕಾರರು. ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡ ಗಂಗ ಮಾರಸಿಂಹನನ್ನು ಕೆಲವರು ಎರಡನೆಯವನೆಂದೂ ಕೆಲವರು ಮೂರನೆಯವನೆಂದೂ ಎಣಿಸುತ್ತಾರೆ. ವ್ಯಕ್ತಿ ಒಬ್ಬನೇ, ಅವನ ಹಿಂದಿನವರ ಲೆಕ್ಕ ಮಾತ್ರ ಬೇರೆ. ಎರಡು ಗ್ರಂಥಗಳಿಂದ ಟಿಪ್ಪಣಿ ಮಾಡಿಕೊಂಡ ವಿದ್ಯಾರ್ಥಿಯೊಬ್ಬನು ಇಮ್ಮಡಿ ಮಾರಸಿಂಹ, ಮುಮ್ಮಡಿ ಮಾರಸಿಂಹ ಎಂದು ಇಬ್ಬರು ಅರಸರನ್ನು ಸೃಷ್ಟಿಸಿ, ಇಬ್ಬರಿಗೂ ಸಲ್ಲೇಖನ ಮಾಡಿಸಿದ ಉತ್ತರಪತ್ರಿಕೆಯನ್ನು ನಾನು ತಿದ್ದಿದ್ದೇನೆ. ವೇಣೂರಿನ ವಿಷಯವೂ ಅಂಥದೇ. ಪ್ರಚಲಿತ ಬರಹಗಳಲ್ಲಿ ಮೂರ್ತಿಯನ್ನು ನಿಲ್ಲಿಸಿದವನು ನಾಲ್ಕನೆಯ ತಿಮ್ಮಣ್ಣ ಅಜಿಲ. ಶಾಸನದಲ್ಲಿ ಇರುವ ಹೆಸರು ತಿಮ್ಮರಾಜ. ಅವನು ಪಾಂಡ್ಯಕ ದೇವಿಯ ಮಗನೆಂದೂ ಚಾಮುಂಡರಾಯನ ವಂಶದವನೆಂದೂ ಅದು ಹೇಳುತ್ತದೆ, ನಾಲ್ಕನೆಯವನೆಂದು ಹೇಳುವುದಿಲ್ಲ. ಆ ಎಣಿಕೆ ನಂತರದವರದು. ಅದು ಸರಿಯೇ ಇರಬಹುದು, ಆದರೆ ಅದನ್ನು ಶಾಸನದ ಬಾಯಿಗೆ ತುರುಕುವ ಹಕ್ಕು ನಮಗಿಲ್ಲ.

ಇಷ್ಟರಿಂದ ಕೆಲವು ಸರಳ ಸಲಹೆಗಳು ಹೊರಡುತ್ತವೆ. ಗ್ರಂಥವನ್ನು ಕೈಯಲ್ಲಿ ಹಿಡಿದಿರುವಾಗಲೇ ರೋಮನ್ ಅಂಕಿಯನ್ನು ಸಾಮಾನ್ಯ ಅಂಕಿಗೆ ಬದಲಿಸಿ ಬರೆದುಕೊಳ್ಳಬೇಕು. ಆಮೇಲೆ ಮನೆಯಲ್ಲಿ ಕುಳಿತು ನೆನಪಿನಿಂದ ಬದಲಿಸುವುದು ಬೇಡ. ಮಾಲೆಯ ಹೆಸರು, ಸಂಪುಟ, ಆವೃತ್ತಿಯ ವರ್ಷ, ತಾಲ್ಲೂಕು, ಶಾಸನಸಂಖ್ಯೆ ಈ ಐದೂ ಒಂದೇ ಸಾಲಿನಲ್ಲಿ ಇರಬೇಕು. ಬದಲಿಸಿದ ಅಂಕಿಯನ್ನು ಒಮ್ಮೆ ಹಿಂದಕ್ಕೆ ರೋಮನ್ ರೂಪಕ್ಕೆ ತಂದು, ಸಂಪುಟದ ಬೆನ್ನಿನ ಮೇಲಿನದರೊಡನೆ ಹೋಲಿಸಿ ನೋಡಬೇಕು. ತಾಳೆ ನೋಡುವ ಈ ಕೆಲಸಕ್ಕೆ ಅರ್ಧ ನಿಮಿಷವೂ ಬೇಡ. ಅರಸರ ಕ್ರಮಾಂಕವನ್ನು ಬರೆಯುವಾಗ ಅದು ಯಾರ ಎಣಿಕೆ ಎಂಬುದನ್ನು ಒಮ್ಮೆಯಾದರೂ ಸೂಚಿಸಬೇಕು. ಮಾರ್ಗದರ್ಶಕರಾದ ನಾವು ಪ್ರಬಂಧದ ಭಾಷೆಯನ್ನು ತಿದ್ದುವಷ್ಟೇ ಶ್ರದ್ಧೆಯಿಂದ ಹತ್ತು ಉಲ್ಲೇಖಗಳನ್ನಾದರೂ ಮೂಲದಲ್ಲಿ ತೆರೆದು ನೋಡಬೇಕು. ನನ್ನ ಪರೀಕ್ಷಕರು ಅಂದು ತೆರೆದು ನೋಡಿದ್ದರಿಂದಲೇ ನಾನು ಇಂದು ಇದನ್ನು ಬರೆಯುತ್ತಿದ್ದೇನೆ.

ರೋಮನ್ ಅಂಕಿಯನ್ನು ಕ್ಷಣದಲ್ಲಿ ಬದಲಿಸಿಕೊಡುವ ಸಾಧನಗಳು ಇಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲಿವೆ. ಆ ಸಾಧನವು ವಿ-ಐ-ಐ ಎಂದರೆ ಏಳು ಎಂದು ಹೇಳುತ್ತದೆ. ಯಾವ ಮಾಲೆಯ ಏಳು, ಯಾರ ಆವೃತ್ತಿಯ ಏಳು ಎಂಬುದನ್ನು ಓದುಗನೇ ಗ್ರಂಥದಿಂದ ತಿಳಿಯಬೇಕು.

ಆ ವಿದ್ಯಾರ್ಥಿನಿಗೆ ನಾನು ಎಪಿಗ್ರಾಫಿಯಾ ಇಂಡಿಕದ ಸಂಪುಟವನ್ನು ತೆಗೆದುಕೊಟ್ಟೆ. ಶಾಸನಪಾಠವನ್ನು ಪ್ರತಿಮಾಡಿಕೊಂಡು ಮರುವಾರ ಆಕೆ ವೇಣೂರಿಗೆ ಹೋಗಿ, ಮೂರ್ತಿಯ ಬದಿಯಲ್ಲಿ ನಿಂತು ಆ ನಾಲ್ಕು ಶಬ್ದಗಳನ್ನು ಹುಡುಕಿದಳಂತೆ. "ಇಂದು ಶಬ್ದ ಕೊನೆಯಲ್ಲಿ ಇದೆ ಸರ್, ಒಂದನ್ನು ಮೊದಲು ಬರೆಯಬೇಕು ಎಂದು ಅಲ್ಲಿಯೇ ಅರ್ಥವಾಯಿತು" ಎಂದಳು. ಆಕೆಯ ಕಿರುಪ್ರಬಂಧದ ಮೊದಲ ಅಡಿಟಿಪ್ಪಣಿ ಈಗ ಹೀಗಿದೆ: ಎಪಿಗ್ರಾಫಿಯಾ ಇಂಡಿಕ, ಸಂಪುಟ 7, 1902–03, ಸಂಪಾದಕರು ಇ. ಹುಲ್ಟ್ಸ್, ವೇಣೂರಿನ ಗೊಮ್ಮಟ ಶಾಸನ, ಶಕ 1525 ಫಾಲ್ಗುಣ, ಕ್ರಿ.ಶ. 1604. ಅದನ್ನು ಹಿಡಿದು ಯಾರು ಬೇಕಾದರೂ ಆ ಪುಟವನ್ನು ತಲಪಬಹುದು.